ಕೀವಿಲ್ಲದ ಸೋಂಕು ಮತ್ತು ಅನುಪಲಬ್ಧಿ

ಕಾಣದ ವಸ್ತುವನ್ನು ಇಲ್ಲವೆಂದು ಯಾವಾಗ ನಿಶ್ಚಯಿಸಬಹುದು ಎಂಬ ಪ್ರಶ್ನೆಯನ್ನು ಭಾರತೀಯ ಪ್ರಮಾಣಶಾಸ್ತ್ರವು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಹೆಸರಿನಲ್ಲಿ ಚರ್ಚಿಸಿದೆ. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪಿದರು, ನೈಯಾಯಿಕರು ಒಪ್ಪಲಿಲ್ಲ. ಆದರೂ ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಯೋಗ್ಯತೆ ಇರಬೇಕೆಂಬ ನಿಬಂಧನೆಯನ್ನು ಎರಡೂ ಪಕ್ಷಗಳು ಉಳಿಸಿಕೊಂಡವು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯ ಅಭಾವ ಸಿದ್ಧವಾಗುತ್ತದೆ, ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು.

ಈ ನಿಬಂಧನೆಗೆ ಕ್ಯಾನ್ಸರ್ ವಾರ್ಡಿಗಿಂತ ಕಠಿಣವಾದ ಪರೀಕ್ಷೆ ಬೇರೆಲ್ಲೂ ಸಿಗಲಾರದು. ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾವನ್ನೂ ಶಿಲೀಂಧ್ರವನ್ನೂ ಮೊದಲಿಗೆ ಎದುರಿಸುವ ಬಿಳಿ ರಕ್ತಕಣಗಳು. ಕೀವಿನಲ್ಲಿ ಬಹುಪಾಲು ಇರುವುದು ಸತ್ತ ನ್ಯೂಟ್ರೋಫಿಲ್‌ಗಳೇ. ಕೀಮೋಥೆರಪಿಯಿಂದ ಇವುಗಳ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದಾಗ ಗಾಯ ಕೀವುಗಟ್ಟದಿರಬಹುದು, ನ್ಯುಮೋನಿಯಾ ಇದ್ದರೂ ಎಕ್ಸ್‌ರೇ ಶುಭ್ರವಾಗಿರಬಹುದು. ಸೋಂಕನ್ನು ತಡೆಯಬೇಕಾದ ಕಣಗಳೇ ಅದರ ಗುರುತನ್ನೂ ಮೂಡಿಸುವವಾದ್ದರಿಂದ ಅವುಗಳ ಕೊರತೆಯು ಅಪಾಯವನ್ನು ಹೆಚ್ಚಿಸುತ್ತಲೇ ಅದನ್ನು ಮರೆಮಾಚುತ್ತದೆ. ಸಂಖ್ಯೆಯೂ ತಾನೇ ಎಲ್ಲವನ್ನೂ ಹೇಳುವುದಿಲ್ಲ: ರಕ್ತಕ್ಯಾನ್ಸರ್ ರೋಗಿಗಳನ್ನು ಕುರಿತು ಜೆರಾಲ್ಡ್ ಬೋಡಿ ಮತ್ತು ಸಹೋದ್ಯೋಗಿಗಳು 1966ರಲ್ಲಿ ಪ್ರಕಟಿಸಿದ ಅಧ್ಯಯನವು, ಎಣಿಕೆ ಎಷ್ಟು ಇಳಿದಿದೆ ಎಂಬುದರಷ್ಟೇ ಎಷ್ಟು ಕಾಲ ಇಳಿದೇ ಇರುತ್ತದೆ ಎಂಬುದೂ ಮುಖ್ಯವೆಂದು ತೋರಿಸಿತು. ಆಫ್ರಿಕನ್ ಮೂಲದ ಅನೇಕರಲ್ಲಿ ಹುಟ್ಟಿನಿಂದಲೇ 1500ಕ್ಕಿಂತ ಕಡಿಮೆಯಿರುವ ಎಣಿಕೆಯು ರೋಗವೇ ಅಲ್ಲ.

ಇಂಥ ಸ್ಥಿತಿಯಲ್ಲಿ ಹಲವು ವೇಳೆ ಉಳಿಯುವ ಲಿಂಗ, ಅಂದರೆ ಅನುಮಾನಕ್ಕೆ ಆಧಾರವಾದ ಚಿಹ್ನೆ, ಜ್ವರವೊಂದೇ. ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ 38 ಡಿಗ್ರಿಯಲ್ಲಿ ಒಂದು ತಾಸು ನಿಂತರೆ, ರಕ್ತದ ಕಲ್ಚರ್‌ಗೆ ಮಾದರಿ ತೆಗೆದು, ಫಲಿತಾಂಶಕ್ಕೆ ಕಾಯದೆ, ಸಾಧ್ಯವಾದಷ್ಟು ಒಂದು ತಾಸಿನೊಳಗೆ ವಿಶಾಲವ್ಯಾಪ್ತಿಯ ಆ್ಯಂಟಿಬಯಾಟಿಕ್ ಕೊಡಬೇಕೆಂಬುದು ಇಂದಿನ ಕ್ರಮ. ನ್ಯಾಯದರ್ಶನದಲ್ಲಿ ಸಂಶಯವು ವಿಚಾರಕ್ಕೆ, ವಿಚಾರವು ನಿರ್ಣಯಕ್ಕೆ ದಾರಿಯಾದರೆ, ಇಲ್ಲಿ ಸಂಶಯವೇ ನೇರವಾಗಿ ಕ್ರಿಯೆಗೆ ಅಧಿಕಾರ ಪಡೆಯುತ್ತದೆ. ಸಫಲ ಪ್ರವೃತ್ತಿಯು ಜ್ಞಾನದ ಪ್ರಾಮಾಣ್ಯವನ್ನು ತೋರಿಸುತ್ತದೆಂಬ ನ್ಯಾಯಭಾಷ್ಯಕಾರ ವಾತ್ಸ್ಯಾಯನನ ಮಾತು ಕೂಡ ಈ ರೋಗಿಯ ಹಾಸಿಗೆಯ ಬಳಿ ಅಷ್ಟು ಸುಲಭವಾಗಿ ಅನ್ವಯಿಸದು. ಜ್ವರ ಇಳಿದರೂ ಕಲ್ಚರ್‌ನಲ್ಲಿ ಹೆಚ್ಚಿನ ವೇಳೆ ಯಾವ ಕ್ರಿಮಿಯೂ ಬೆಳೆಯದೆ, ಸೋಂಕು ಇತ್ತೇ ಎಂಬುದು ಕಡೆಗೂ ತೀರ್ಮಾನವಾಗದೆ ಉಳಿಯುತ್ತದೆ.

ಅಸ್ಥಿಮಜ್ಜೆ ಚೇತರಿಸಿಕೊಂಡು ಎಣಿಕೆ ಏರತೊಡಗಿದಾಗ ಅದುವರೆಗೆ ಶುಭ್ರವಾಗಿದ್ದ ಶ್ವಾಸಕೋಶದ ಚಿತ್ರದಲ್ಲಿ ಕಲೆ ಮೂಡುವುದೂ, ಇದ್ದ ಕಲೆ ಹಿಗ್ಗುವುದೂ ಉಂಟು. ಅದನ್ನು ರೋಗ ಉಲ್ಬಣಿಸಿತೆಂದು ಓದಬೇಕೋ, ಮರಳಿ ಬಂದ ಕಣಗಳು ಹಳೆಯ ಸೋಂಕನ್ನು ಈಗ ಕಾಣಿಸುತ್ತಿವೆಯೆಂದು ಓದಬೇಕೋ ಎಂಬುದನ್ನು ವೈದ್ಯರು ಚಿತ್ರದಿಂದಷ್ಟೇ ಅಲ್ಲ, ರೋಗಿಯ ಉಸಿರಾಟ ಮತ್ತು ಏರುತ್ತಿರುವ ಎಣಿಕೆಗಳನ್ನು ಕೂಡಿಸಿ ನಿರ್ಧರಿಸಬೇಕಾಗುತ್ತದೆ.