ಹಿಂಡಿನ ನಡೆ, ಅರಿವಿನ ನಡೆ

ಪರರನ್ನು ಅನುಸರಿಸಿ ನಡೆಯುವುದು ದೋಷವೆ? ಹೌದೆಂದು ಒಮ್ಮೆಗೇ ಉತ್ತರಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಮಗುವು ತಾಯಿಯ ತುಟಿಗಳನ್ನು ನೋಡಿ ಮಾತು ಕಲಿಯುತ್ತದೆ. ಒಕ್ಕಲಿಗನು ನೆರೆಯ ಹೊಲದ ಬಿತ್ತನೆಯನ್ನು ಕಂಡು ತನ್ನ ಕೂರಿಗೆಯನ್ನು ಹೂಡುತ್ತಾನೆ. ಹಿರಿಯರು ನಡೆದ ದಾರಿಯಲ್ಲಿ ಕಿರಿಯರು ನಡೆದುದರಿಂದಲೇ ಆಚಾರವೆಂಬುದು ಉಳಿದುಬಂದಿದೆ. ಹೀಗಿರಲು ಅನುಸರಣೆಯೆಲ್ಲವನ್ನೂ ಅವಿವೇಕವೆಂದು ಹಳಿಯುವುದು ತರವಲ್ಲ. ಯಾವ ಅನುಸರಣೆಯು ಮನುಷ್ಯನನ್ನು ಕಾಯುತ್ತದೆ, ಯಾವುದು ಅವನನ್ನು ಕೆಡಿಸುತ್ತದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇದನ್ನು ತಿಳಿಯಲು ಹುಲ್ಲುಗಾವಲೇ ಒಳ್ಳೆಯ ಪಾಠಶಾಲೆ. ಒಂಟಿಯಾಗಿ ಮೇಯುವ ಪ್ರಾಣಿಯು ಪದೇ ಪದೇ ತಲೆಯೆತ್ತಿ ಸುತ್ತಲೂ ನೋಡಬೇಕಾಗುತ್ತದೆ. ತೋಳವು ಯಾವ ಪೊದೆಯಿಂದ ಬರುವುದೋ ಅದಕ್ಕೆ ತಿಳಿಯದು. ಹಿಂಡಿನಲ್ಲಿರುವಾಗ ಈ ಕಾವಲು ಹಂಚಿಹೋಗುತ್ತದೆ. ಒಂದು ತಲೆಯೆತ್ತಿ ನೋಡುತ್ತಿರುವಾಗ ಉಳಿದುವು ನೆಮ್ಮದಿಯಿಂದ ಮೇಯುತ್ತವೆ. ಅದು ತಲೆ ತಗ್ಗಿಸಿದಾಗ ಇನ್ನೊಂದು ಎತ್ತುತ್ತದೆ. ಒಂದು ಬೆದರಿ ಓಡಿದರೆ ಮಿಕ್ಕವೂ ಓಡುತ್ತವೆ. ಕಾರಣವನ್ನು ವಿಚಾರಿಸುತ್ತ ನಿಂತ ಪ್ರಾಣಿಯು ತೋಳಕ್ಕೆ ತುತ್ತಾಗುವುದು. ಆದುದರಿಂದ ಹಿಂಡಿನ ಅನುಸರಣೆಯು ಮೌಢ್ಯವಲ್ಲ. ಅದು ನಿಸರ್ಗವು ಕೊಟ್ಟ ರಕ್ಷೆ. ಆದರೆ ಆ ರಕ್ಷೆಗೆ ಒಂದು ನಿಬಂಧನೆಯುಂಟು: ಎಲ್ಲಿಯಾದರೂ ಒಂದು ತಲೆ ಮೇಲೆದ್ದಿರಲೇಬೇಕು.

ಆ ನಿಬಂಧನೆ ತಪ್ಪಿದರೆ ಏನಾಗುವುದೆಂಬುದಕ್ಕೆ 2005ರ ಜುಲೈ ತಿಂಗಳಲ್ಲಿ ಪೂರ್ವ ತುರ್ಕಿಯ ಗೇವಾಷ್ ಊರಿನ ಬಳಿ ನಡೆದ ಘಟನೆಯೇ ನಿದರ್ಶನ. ಕುರಿಗಾಹಿಗಳು ಮಂದೆಯನ್ನು ಮೇಯಲು ಬಿಟ್ಟು ಬೆಳಗಿನ ಉಪಾಹಾರಕ್ಕೆ ಕುಳಿತಿದ್ದರು. ಒಂದು ಕುರಿಯು ಕಡಿದಾದ ಬಂಡೆಯ ಅಂಚಿನಿಂದ ಕೆಳಕ್ಕೆ ಹಾರಿತು. ಅದರ ಹಿಂದೆ ಸುಮಾರು 1,500 ಕುರಿಗಳು ಹಾರಿದುವು. ಸುಮಾರು 450 ಸತ್ತುವು. ಉಳಿದುವು ಬದುಕಿಕೊಂಡುದು ತಮ್ಮ ಎಚ್ಚರದಿಂದಲ್ಲ; ಮೊದಲು ಬಿದ್ದವುಗಳ ದೇಹಗಳೇ ಅವುಗಳಿಗೆ ಮೆತ್ತೆಯಾದುವು. ಮುಂದಿನದು ನೋಡಿರಬೇಕೆಂದು ಹಿಂದಿನದು ನಡೆಯಿತು; ಮುಂದಿನದಾದರೋ ನೋಡಿಯೇ ಇರಲಿಲ್ಲ.

ಹಿಂಡಿಗೆ ಕಾವಲುಗಾರನು ಬೇಕಾದುದು ಇದಕ್ಕಾಗಿ. 12ನೆಯ ಶತಮಾನದ ಶರಣರಲ್ಲಿ ದನ ಕಾಯುವುದನ್ನೇ ಕಾಯಕವಾಗಿ ಕೈಕೊಂಡಿದ್ದ ರಾಮಣ್ಣನವರು ತುರುಗಾಹಿ ರಾಮಣ್ಣನೆಂದೇ ಹೆಸರಾದರು. ಅವರ ವಚನಗಳ ಅಂಕಿತವೂ ಗೋಪತಿನಾಥನದು. ಲೋಕವು ಕೀಳೆಂದು ಬಗೆದ ಕೆಲಸವು ಶರಣರ ಬಳಗದಲ್ಲಿ ಪೂಜ್ಯವಾಯಿತು. ಅದರ ಸಾರವನ್ನು ಚಿಂತಿಸಿದರೆ ಇದು ತಕ್ಕುದೆಂದು ತೋರದಿರದು. ಎಲ್ಲ ತಲೆಗಳೂ ಹುಲ್ಲಿಗೆ ಬಾಗಿರುವಾಗ ತನ್ನ ತಲೆಯನ್ನು ಎತ್ತಿಕೊಂಡಿರುವುದೇ ತುರುಗಾಹಿಯ ಕಾಯಕ. ಅವನು ಹಿಂಡಿನೊಡನೆ ನಡೆಯುತ್ತಾನೆ, ಅದರ ಬಿಸಿಲುಮಳೆಗಳನ್ನು ತಾನೂ ಉಣ್ಣುತ್ತಾನೆ; ಆದರೆ ಹಿಂಡಿನಂತೆ ಮೈಮರೆಯುವುದಿಲ್ಲ.

ಹುಲ್ಲುಗಾವಲಿನ ಈ ನಿಯಮವು ಹಣದ ಪೇಟೆಗೂ ಸಲ್ಲುತ್ತದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಿ ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ದುರ್ಲಭವಾಯಿತು. ಹಿಂದುಸ್ಥಾನದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಧಾರವಾಡ ಸೀಮೆಯ ಹತ್ತಿಯೂ ಗಾಡಿಗಳಲ್ಲಿ ಘಟ್ಟವಿಳಿದು, ಕುಮಟಾ ಬಂದರವನ್ನು ಸೇರಿ, ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಗೆ ಹರಿದುಬಂದ ಹಣವು ಷೇರುಗಳ ಕಡೆಗೆ ತಿರುಗಿತು. ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಕಂಪನಿಗಳು ಹುಟ್ಟಿದುವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಗಳ ಷೇರು ಸುಮಾರು 50,000 ರೂಪಾಯಿಗಳಿಗೆ ಏರಿತು. ಸಮುದ್ರದಿಂದ ನೆಲವು ಎಷ್ಟು ಮೇಲೆದ್ದಿದೆಯೆಂದು ನೋಡಿ ಬರುವ ಎಚ್ಚರವು ಅಡಗಿತು. ಪಕ್ಕದವನು ಕೊಂಡನೆಂಬುದೇ ಸಾಕ್ಷಿಯಾಯಿತು. 1865ರ ಏಪ್ರಿಲಿನಲ್ಲಿ ಯುದ್ಧವು ಮುಗಿಯುತ್ತ ಬಂದಿತು. ಆ ಸುದ್ದಿಯೊಡನೆ ಹತ್ತಿಯ ಬೆಲೆ ಕುಸಿಯಿತು. ವಾಯಿದೆಯ ವ್ಯವಹಾರಗಳನ್ನು ತೀರಿಸಬೇಕಾಗಿದ್ದ ಜುಲೈ 1ರಂದು ಅನೇಕರಲ್ಲಿ ತೆರಲು ಹಣವಿರಲಿಲ್ಲ. ಷೇರುಗಳನ್ನು ಒತ್ತೆಯಿಟ್ಟುಕೊಂಡು ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯೂ 1868ರಲ್ಲಿ ಮುಚ್ಚಬೇಕಾಯಿತು.

ಕುರಿಗಳಿಗೂ ಮನುಷ್ಯರಿಗೂ ಇಲ್ಲಿ ಒಂದು ಭೇದವುಂಟು. ಬಂಡೆಯಂಚಿನಲ್ಲಿ ಮೊದಲು ಹಾರಿದುವು ಸತ್ತು, ಕೊನೆಯವು ಬದುಕಿದುವು. ಪೇಟೆಯಲ್ಲಿ ಇದು ತಿರುಗುಮುರುಗು. ಮೊದಲು ಬಂದವನು ಲಾಭದೊಡನೆ ಹೊರಡುತ್ತಾನೆ. ಎಲ್ಲರೂ ಕೊಂಡುದನ್ನು ಕಂಡು ಕೊನೆಗೆ ಬಂದವನು ಕೆಡುತ್ತಾನೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ತರುವವನು ಬಹುಮಟ್ಟಿಗೆ ಈ ಕೊನೆಯವನೇ.

ಬುದ್ಧಿವಂತರೂ ಹೀಗೆ ನಡೆಯುವುದೇಕೆ? ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿಯವರು 1992ರ ಪ್ರಬಂಧವೊಂದರಲ್ಲಿ ಇದನ್ನು ವಿವೇಚಿಸಿದ್ದಾರೆ. ಇವರಿಗೆ ಮುಂದೆ 2019ರಲ್ಲಿ ಬಡತನದ ಕುರಿತ ಅಧ್ಯಯನಕ್ಕಾಗಿ ನೊಬೆಲ್ ಪಾರಿತೋಷಕವು ಸಂದಿತು. ಅಕ್ಕಪಕ್ಕದಲ್ಲಿ ಎರಡು ಖಾನಾವಳಿಗಳಿವೆಯೆಂದು ಭಾವಿಸೋಣ. ಮೊದಲ ಕೆಲವರು ಒಂದನ್ನು ಹೊಕ್ಕರು. ಇನ್ನೊಂದೇ ಉತ್ತಮವೆಂದು ಕೇಳಿ ಬಂದವನು, 'ಇಷ್ಟು ಜನಕ್ಕೆ ಏನೋ ತಿಳಿದಿರಬೇಕು' ಎಂದು ತನ್ನ ತಿಳಿವನ್ನು ಬದಿಗಿಟ್ಟು ಅವರನ್ನೇ ಹಿಂಬಾಲಿಸುತ್ತಾನೆ. ಅವನ ಹಿಂದೆ ಬಂದವನೂ ಹಾಗೆಯೇ ಮಾಡುತ್ತಾನೆ. ಕಡೆಗೆ ಒಂದು ಖಾನಾವಳಿ ತುಂಬುತ್ತದೆ, ಉತ್ತಮವಾದುದು ಬರಿದಾಗುತ್ತದೆ. ಇವರಲ್ಲಿ ಒಬ್ಬನೂ ಮೂರ್ಖನಲ್ಲ. ಆದರೆ ಒಬ್ಬೊಬ್ಬನೂ ತನ್ನ ತಿಳಿವನ್ನು ನುಂಗಿಕೊಂಡುದರಿಂದ ಅದು ಹಿಂದಿನವರಿಗೆ ಇಲ್ಲವಾಯಿತು.

ಈ ಮಾತಿನಲ್ಲಿ ನೀತಿಯ ತಿರುಳಿದೆ. ಹಿಂಡಿನೊಡನೆ ನಡೆದು ಹಣ ಕಳೆದುಕೊಂಡವನು ನಷ್ಟಪಟ್ಟನೆಂದು ಲೋಕವು ಮರುಗುತ್ತದೆ. ಅವನಿಂದ ಪರರಿಗೆ ಆದ ನಷ್ಟವನ್ನು ಯಾರೂ ಎಣಿಸುವುದಿಲ್ಲ. ಊರಿನಲ್ಲಿ ನಾಲ್ಕು ಜನ ಗೌರವಿಸುವ ಗೃಹಸ್ಥನು, ಮನದಲ್ಲಿ ಶಂಕೆಯಿದ್ದರೂ ಲೋಕದ ಬಾಯಿಗೆ ಅಂಜಿ, ಒಂದು ಚೀಟಿಗೋ ಒಂದು ಷೇರಿಗೋ ಹಣ ಕಟ್ಟಿದನೆನ್ನಿ. ಅವನ ಶಂಕೆಯು ಅವನ ಎದೆಯಲ್ಲೇ ಉಳಿಯಿತು. ಅವನ ನಡೆ ಮಾತ್ರ ಎಲ್ಲರ ಕಣ್ಣಿಗೆ ಬಿದ್ದಿತು. 'ಅವರೇ ಕಟ್ಟಿದ್ದಾರೆ' ಎಂದು ಬಡ ವಿಧವೆಯೊಬ್ಬಳು ತನ್ನ ಕಿವಿಯ ಓಲೆಯನ್ನು ಮಾರಿ ಹಣ ತಂದರೆ, ಅವಳ ನಷ್ಟದಲ್ಲಿ ಅವನ ಪಾಲಿಲ್ಲವೆ? ನುಡಿಯದೆ ಉಳಿದ ಅರಿವು ಅವನ ನಡೆಯನ್ನೇ ಸುಳ್ಳುಸಾಕ್ಷಿಯನ್ನಾಗಿ ಮಾಡಿತು. ನಡೆ ನುಡಿಗಳು ಒಂದಾಗಬೇಕೆಂದು ಶರಣರು ಕಟ್ಟುನಿಟ್ಟಾಗಿ ಬೋಧಿಸಿದುದರ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗೆಂದು ಎಲ್ಲರೂ ಹೋಗುವ ದಾರಿಯನ್ನು ಬಿಟ್ಟು ಹೋಗುವುದೇ ಅರಿವೆಂದು ತಿಳಿಯಬಾರದು. ಅದು ಅಹಂಕಾರ; ಹಿಂಡಿನಿಂದ ಅಗಲಿದ ಪಶುವಿನ ಗತಿ ಎಲ್ಲರಿಗೂ ಗೊತ್ತು. ಕೂಡಿ ನಡೆಯುವುದು ಒಳ್ಳೆಯದು, ನೋಡದೆ ನಡೆಯುವುದು ಕೆಟ್ಟುದು. ಇತರರ ಕಾವಲಿನ ನೆರಳಿನಲ್ಲಿ ನೆಮ್ಮದಿಯಿಂದ ಉಂಡವನು ಆ ಕಾವಲಿನ ಋಣವನ್ನು ಹೊತ್ತಿದ್ದಾನೆ. ತನ್ನ ಸರದಿ ಬಂದಾಗ ಅವನೂ ತಲೆಯೆತ್ತಿ ನೋಡಬೇಕು. ಕಂಡುದನ್ನು ನೆರೆಯವನಿಗೆ ಹೇಳಬೇಕು. ಹಣ ಕಟ್ಟುವ ಮೊದಲು 'ಇದರಲ್ಲಿ ನಾನೇ ಕಂಡುದೇನು?' ಎಂದು ಗೃಹಸ್ಥನು ತನ್ನನ್ನು ತಾನು ಕೇಳಿಕೊಳ್ಳಲಿ. ಏನನ್ನೂ ಕಂಡಿಲ್ಲವಾದರೆ, ಕಂಡಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಲು ನಾಚದಿರಲಿ. ಆ ಒಂದು ಮಾತಿನಿಂದ ಹಿಂದೆ ಬರುತ್ತಿರುವವನ ಹೆಜ್ಜೆ ಅಂಚಿನಲ್ಲಿಯೇ ನಿಂತೀತು.