ಬಾಗಿಲು ಕಾಯುವವರ ತಪ್ಪು

ಮಾನ್ವಿ ಸೀಮೆಯ ಬಾಗಲವಾಡದ ಹೆಸರಿಗೆ ನಿರುಕ್ತಿಕಾರರು ಯಾವ ಮೂಲವನ್ನೇ ಹೇಳಲಿ, ಬಾಗಿಲನ್ನು ಬಾಗಲ ಎಂದೇ ಕರೆದು ಬೆಳೆದ ನನ್ನ ಕಿವಿಗೆ ಆ ಹೆಸರಿನಲ್ಲಿ ಮೊದಲು ಕೇಳಿಸುವುದು ಬಾಗಿಲೇ. ಅಲ್ಲಿನ ಹಳೆಯ ಮನೆಗಳಲ್ಲಿ ನಸುಕಿಗೆ ಅಂಗಳ ಗುಡಿಸಿ, ಹೊಸ್ತಿಲಿಗೆ ನೀರು ಬಿಟ್ಟು ತೆರೆದ ತಲೆಬಾಗಿಲು ರಾತ್ರಿ ಎಲ್ಲರ ಊಟವಾಗಿ ಅಗಳಿ ಬೀಳುವ ತನಕ ತೆರೆದೇ ಇರುತ್ತಿದ್ದಿತು. ಶಂಖ ಜಾಗಟೆಗಳ ದಾಸಯ್ಯ, ಬೆತ್ತ ಹಿಡಿದ ಜಂಗಮ, ಕೌಡಿಯ ಸರದ ಗೊಂದಲಿಗ, ಕತ್ತಲಿರುವಾಗಲೇ ಭವಿಷ್ಯವನ್ನು ಒದರಿ ಹೋಗುವ ಬುಡಬುಡಿಕೆಯವ, ಇವರಲ್ಲಿ ಯಾರನ್ನೂ ಯಾರೂ ಕರೆದುದಿಲ್ಲ. ಆದರೂ ಅವರಿಗಾಗಿ ಬಾಗಿಲ ಹಿಂದಿನ ಮೊರದಲ್ಲಿ ಒಂದಷ್ಟು ಜೋಳ ಕಾದಿರುತ್ತಿದ್ದಿತು. ಕೊಡಲಾಗದ ದಿನವೂ ಇಲ್ಲವೆಂಬ ಶಬ್ದವನ್ನು ನಾಲಗೆಗೆ ತಾರದೆ, ‘ಮುಂದಕ ಹೋಗಪಾ’ ಎಂದಷ್ಟೇ ಹೇಳುವುದು ರೂಢಿ.

ಅಂಥ ಮನೆಯೊಂದರ ಕಟ್ಟೆಯ ಮೇಲೆ ಕುಳಿತು, ಕಳೆದ ಬೇಸಗೆಯಲ್ಲಿ, ನನ್ನ ಸೋದರಳಿಯನು ಮೊಬೈಲನ್ನು ನನ್ನ ಮುಂದೆ ಹಿಡಿದನು. ‘ಮಾಮಾ, ಇಲ್ಲಿ ಬಿದ್ದದ ನೋಡ್ರಿ, ಕಸದಾಗ’ ಎಂದ ಅವನ ದನಿಯಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿದ್ದಿತು. ಉದ್ಯೋಗವೊಂದರ ಸಂದರ್ಶನಕ್ಕೆ ಒಂಬತ್ತನೆಯ ತಾರೀಖು ಬರಬೇಕೆಂದು ಕರೆದ ಪತ್ರ. ಅದು ಅವನ ಕಣ್ಣಿಗೆ ಬಿದ್ದುದು ಹದಿನಾಲ್ಕರಂದು. ಬಂದ ಮೇಲುಗಳನ್ನೆಲ್ಲ ಅವನು ದಿನವೂ ನೋಡುತ್ತಿದ್ದನು. ಆದರೆ ಅವನ ಯಂತ್ರದ ಬಾಗಿಲು ಕಾಯುವವನು ಈ ಒಂದನ್ನು ಒಳಗೆ ಬಿಡದೆ ಸ್ಪ್ಯಾಮ್ ಎಂಬ ಹಿತ್ತಿಲಿಗೆ ನೂಕಿಬಿಟ್ಟಿದ್ದನು. ಆ ಪತ್ರದ ಮೇಲಿದ್ದುದು ಪೌಂಡುಗಳಲ್ಲಿ ಬಹುಮಾನ ಬಂದಿದೆಯೆಂಬ ಶುಭವಾರ್ತೆ. ಕೆಳಗಿದ್ದುದು ಮರಣಶಯ್ಯೆಯಲ್ಲಿರುವ ಯಾರೋ ವಿಧವೆ, ತನ್ನ ಕೋಟ್ಯಂತರ ಆಸ್ತಿಯನ್ನು ದೇವರ ಕಾರ್ಯಕ್ಕೆಂದು ಬಾಗಲವಾಡದ ಈ ಹುಡುಗನಿಗೇ ಒಪ್ಪಿಸಲು ನಿಶ್ಚಯಿಸಿದ ವೃತ್ತಾಂತ. ಮಧ್ಯದಲ್ಲಿ ಸಿಕ್ಕಿಕೊಂಡ ಸತ್ಯವು ಆ ನೆರೆಹೊರೆಯ ಮುಖವನ್ನೇ ಪಡೆದುಕೊಂಡಿದ್ದಿತು.

ಕರೆಯದೆ ಬಂದವನಿಗೆ ಬಾಗಿಲು ಹಾಕುವುದು ಧರ್ಮವೇ, ಅಧರ್ಮವೇ? ನಮ್ಮ ಪರಂಪರೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆಯು ಸುಲಭವಾದುದಲ್ಲ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯು ತಾಯಿ, ತಂದೆ, ಆಚಾರ್ಯರನ್ನು ದೇವರೆಂದು ಭಾವಿಸಹೇಳಿದ ಪಂಕ್ತಿಯಲ್ಲೇ ಅತಿಥಿಯನ್ನೂ ಕೂರಿಸಿದೆ. ಅತಿಥಿಯೆಂದರೆ ತಿಥಿಯನ್ನು ತಿಳಿಸದೆ ಬರುವವನೆಂದೇ ಪಂಡಿತರು ಅರ್ಥ ಹೇಳುತ್ತಾರೆ. ಮುನ್ಸೂಚನೆಯಿಲ್ಲದೆ ಬರುವುದೇ ಅತಿಥಿಯ ಲಕ್ಷಣವಾದರೆ, ಆ ಲಕ್ಷಣವು ಸ್ಪ್ಯಾಮಿನಲ್ಲಿ ಪರಿಪೂರ್ಣವಾಗಿಯೇ ಇದೆಯೆಂದು ತರ್ಕಶಾಸ್ತ್ರದ ಚುರುಕು ವಿದ್ಯಾರ್ಥಿಯೊಬ್ಬನು ವಾದಿಸಬಹುದು.

ಆದರೆ ಅತಿಥಿಯು ತನ್ನ ದೇಹವನ್ನು ಹೊತ್ತು ಬರುತ್ತಾನೆ. ಹಸಿವು, ಕಾಲಿನ ಧೂಳು, ‘ಮುಂದಕ ಹೋಗಪಾ’ ಎನಿಸಿಕೊಂಡರೆ ಆಗುವ ನಾಚಿಕೆ, ಇವೆಲ್ಲವನ್ನೂ ಪಣವಾಗಿಟ್ಟು ಅವನು ನಮ್ಮ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಈ ನೂತನ ಆಗಂತುಕನು ಹಾಗಲ್ಲ. 1978ರ ಮೇ 3ರಂದು ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರನಾದ ಗ್ಯಾರಿ ಥರ್ಕ್ ಎಂಬಾತನು, ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟಿನಲ್ಲಿ ತನ್ನ ಯಂತ್ರದ ಪ್ರಚಾರವನ್ನು ಸುಮಾರು 400 ಮಂದಿಗೆ ಒಟ್ಟಿಗೆ ಕಳುಹಿಸಿದನು. ಈ ಜಾತಿಯ ಪತ್ರಗಳಿಗೆ ಅದೇ ಆದ್ಯವೆಂದು ಎಣಿಕೆ. ಸ್ಪ್ಯಾಮೆಂಬ ಹೆಸರು ಬಂದುದು ಆ ಮೇಲೆ: ಅದು 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿಯ ಮಾಂಸದ ಹೆಸರು, ಯಾವ ತಿಂಡಿ ಕೇಳಿದರೂ ಅದೇ ಪದಾರ್ಥವೇ ಎದುರಿಗೆ ಬರುವ ಹೋಟೆಲೊಂದರ ಪ್ರಹಸನವನ್ನು 1970ರಲ್ಲಿ ಇಂಗ್ಲೆಂಡಿನ ಟೀವಿಯವರು ತೋರಿಸಿದ್ದರಿಂದ ಅದು ಬೇಡದ ಪುನರಾವೃತ್ತಿಗೆ ಪರ್ಯಾಯವಾಯಿತು. ಒಂದೇ ಕ್ಷಣದಲ್ಲಿ ಲಕ್ಷ ಮನೆಗಳ ಮುಂದೆ ನಿಲ್ಲುವವನು ಯಾವ ಮನೆಯ ಮುಂದೆಯೂ ನಿಂತವನಲ್ಲ. ಹರಿದಾಸರು ಮಧುಕರವೃತ್ತಿಯಿಂದ ಹಲವು ಮನೆಗಳಿಗೆ ಹೋಗುತ್ತಿರಲಿಲ್ಲವೇ ಎಂದರೆ, ಹೋಗುತ್ತಿದ್ದರು. ಆದರೆ ದುಂಬಿಯು ಒಂದು ಹೂವಿನ ಮೇಲೆ ಇರುವಾಗ ಇನ್ನೊಂದರ ಮೇಲಿರುವುದಿಲ್ಲ. ಆದುದರಿಂದ ಅತಿಥಿಧರ್ಮವನ್ನು ಇಲ್ಲಿಗೆ ಎಳೆದುತಂದು ಮನಸ್ಸನ್ನು ನೋಯಿಸಿಕೊಳ್ಳುವ ಕಾರಣವಿಲ್ಲವೆಂದೇ ನನ್ನ ತೀರ್ಮಾನ.

ಕರೆಯದ ಪತ್ರದ ಪೀಡೆಯು ನಮ್ಮ ಸೀಮೆಗೆ ಯಂತ್ರದೊಡನೆ ಬಂದುದೂ ಅಲ್ಲ. ಹದಿನೈದು ಪೈಸೆಯ ಪೋಸ್ಟ್ ಕಾರ್ಡಿನ ಕಾಲದಲ್ಲಿ, ಬರೆದವನ ಹೆಸರಿಲ್ಲದ ಕಾರ್ಡೊಂದು ಆಗಾಗ ಮನೆಗೆ ಬರುತ್ತಿದ್ದಿತು. ಯಾವುದೋ ಗುಡಿಯಲ್ಲಿ ಸರ್ಪವೊಂದು ಮನುಷ್ಯರೂಪ ತಾಳಿ ಅರ್ಚಕನಿಗೆ ಸಂದೇಶ ಕೊಟ್ಟಿತೆಂದೂ, ಇದನ್ನು ಇಂತಿಷ್ಟು ಜನಕ್ಕೆ ಬರೆದವನಿಗೆ ಲಾಟರಿ ಬಂದಿತೆಂದೂ, ಹರಿದೊಗೆದವನ ಮಗ ತೀರಿಕೊಂಡನೆಂದೂ ಅದರಲ್ಲಿ ಬರೆದಿರುತ್ತಿದ್ದಿತು. ಕಳುಹಿಸಿದವನ ಕೆಲಸದ ಖರ್ಚನ್ನೆಲ್ಲ ಪಡೆದವನ ತಲೆಗೆ ಕಟ್ಟುವುದು ಈ ವಿದ್ಯೆಯ ಜೀವಾಳ. ಇಂದಿನ ಸ್ಪ್ಯಾಮಿನ ಅರ್ಥಶಾಸ್ತ್ರವೂ ಅದೇ. ಪಕ್ಕದ ಮನೆಯ ಅಜ್ಜಿಯೊಬ್ಬಳು, ತನಗೆ ಬರೆಯಲು ಬಾರದುದರಿಂದ, ಶಾಲೆಗೆ ಹೋಗುವ ನಮ್ಮನ್ನು ಕೂರಿಸಿಕೊಂಡು ಕಂದೀಲಿನ ಬೆಳಕಿನಲ್ಲಿ ಒಂದೊಂದೇ ಕಾರ್ಡನ್ನು ಬರೆಯಿಸುತ್ತಿದ್ದಳು. ಕಾರ್ಡಿನ ದುಡ್ಡು ಆಕೆಯ ಎಲೆಯಡಿಕೆಯ ಚೀಲದಿಂದ ಹೊರಬರುತ್ತಿದ್ದಿತು. ನಮ್ಮ ಮನೆಗೆ ಬಂದುದನ್ನು ಅಪ್ಪ ಒಲೆಗೆ ಹಾಕಿದರು, ಏನೂ ಆಗಲಿಲ್ಲ. ಅವ್ವ ಮಾತ್ರ ಎಂಟು ದಿನ ನಮ್ಮನ್ನು ಕಾಲುವೆಯ ಕಡೆಗೆ ಬಿಡಲಿಲ್ಲ. ಭಕ್ತಿಯ ಮಾತು ಹಾಗಿರಲಿ, ದೇವರನ್ನು ಸಾಲ ವಸೂಲಿಯ ಗುಮಾಸ್ತನ ಮಟ್ಟಕ್ಕೆ ಇಳಿಸಿದ ಆ ಕಾರ್ಡಿಗಿಂತ ದೊಡ್ಡ ನಾಸ್ತಿಕಗ್ರಂಥವನ್ನು ನಾನು ಓದಿಲ್ಲ. ಅದೇ ಸರ್ಪವು ಈಗ ವಾಟ್ಸಾಪಿನಲ್ಲಿ ಹರಿದಾಡುತ್ತಿದೆ.

ಶಾಸನವು ಇದನ್ನು ತಡೆಯಲಿಲ್ಲವೇ ಎಂದರೆ, ಕಿರಿಕಿರಿ ಮಾಡುವ ಮೇಲನ್ನೂ ದಂಡನೆಗೆ ಒಳಪಡಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು, ವಾಕ್‌ಸ್ವಾತಂತ್ರ್ಯಕ್ಕೆ ಅದು ಕಂಟಕವಾದ ಕಾರಣ, ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಗೊಳಿಸಿತು. ಸರಿಯಾಗಿಯೇ ಮಾಡಿತು. ಫೋನಿನ ಮಾರಾಟದ ಕರೆಗಳಿಗೆ 1909 ಎಂಬ ಸಂಖ್ಯೆಯುಂಟು. ಮೇಲಿನ ಬಾಗಿಲಿಗೆ ಮಾತ್ರ ಕಾವಲುಗಾರರೇ ಗತಿ.

ಈ ಕಾವಲುಗಾರರ ಪರಿಯನ್ನು ವಿಚಾರಿಸಿದಾಗ ನನಗೆ ನಮ್ಮ ಊರ ಕಟ್ಟೆಗಳೇ ನೆನಪಾದುವು. ಒಬ್ಬನು ಪಟ್ಟಿ ಹಿಡಿದು ನಿಂತಿದ್ದಾನೆ: ಇಂಥ ಇಂಥ ತಾಣದಿಂದ ಬಂದವರಿಗೆ ಪ್ರವೇಶವಿಲ್ಲ. ಇನ್ನೊಬ್ಬನು, ಗ್ರೇಲಿಸ್ಟಿಂಗ್ ಎಂದು ಹೆಸರಾದವನು, 2003ರಿಂದ ಬಳಕೆಗೆ ಬಂದವನು, ಅಪರಿಚಿತರಿಗೆಲ್ಲ ಮೊದಲ ಸಲ ‘ಆಮೇಲೆ ಬಾ’ ಎನ್ನುತ್ತಾನೆ. ನಿಜವಾದ ಕೆಲಸವಿದ್ದವನು ಸ್ವಲ್ಪ ಹೊತ್ತು ಬಿಟ್ಟು ಮರಳಿ ಬರುತ್ತಾನೆ, ಲಕ್ಷ ಮನೆ ತಿರುಗುವವನಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಮೂರನೆಯವನು ಅಂಕಿತವನ್ನು ಪರೀಕ್ಷಿಸುತ್ತಾನೆ. ವಿಜಯವಿಠಲ ಎಂದರೆ ವಿಜಯದಾಸರ ಪದ, ಜಗನ್ನಾಥವಿಠಲ ಎಂದರೆ ಜಗನ್ನಾಥದಾಸರ ಪದ ಎಂದು ನಾವು ಗುರುತಿಸುವಂತೆ, ಡಿಕೆಐಎಂ ಎಂಬ ಮುದ್ರೆಯಿಂದ ಈತನು ಪತ್ರವು ಯಾವ ಮನೆಯಿಂದ ಹೊರಟಿತೆಂಬುದನ್ನು ಅರಿಯುತ್ತಾನೆ. ಅಂಕಿತವಿದ್ದ ಮಾತ್ರಕ್ಕೆ ಪದವು ಒಳ್ಳೆಯದೇ ಆಗಬೇಕಿಲ್ಲ. ಯಾರದೆಂದು ತಿಳಿಯುತ್ತದೆ, ಅಷ್ಟೆ. (ಗೊತ್ತಿಲ್ಲದವರ ಪತ್ರದಡಿಯಲ್ಲಿ ‘ಇನ್ನು ಕಳುಹಿಸಬೇಡಿ’ ಎಂಬ ಗುಂಡಿಯಿದೆಯೆಂದು ಒತ್ತುವವರಿಗೆ ಒಂದು ಮಾತು: ಅದು, ‘ಅವ್ವ ಮನ್ಯಾಗ ಇಲ್ಲಂತ ಹೇಳು ಅಂದಾಳ’ ಎಂದು ಬಾಗಿಲ ಸಂದಿಯಿಂದ ಕೂಗಿದ ಮಗುವಿನ ಉತ್ತರದಂತೆ, ಒಳಗೆ ಜನವಿರುವುದನ್ನೇ ಖಚಿತಪಡಿಸುತ್ತದೆ.)

ನಾಲ್ಕನೆಯವನೇ ಪ್ರಧಾನ. ಪತ್ರದ ಒಂದೊಂದು ಮಾತಿಗೂ ಪೂರ್ವಾನುಭವದಿಂದ ಒಂದು ತೂಕವನ್ನಿಟ್ಟು, ‘ಬಹುಮಾನ’, ‘ಈಗಲೇ’ ಎಂಬಂಥವು ಸಂಶಯವನ್ನು ಏರಿಸುವಂತೆಯೂ, ಪರಿಚಿತರ ಹೆಸರು, ಊರಿನ ಸುದ್ದಿಗಳು ಇಳಿಸುವಂತೆಯೂ ಲೆಕ್ಕ ಮಾಡಿ, ಒಟ್ಟಿನ ಸಂಭಾವ್ಯತೆಯಿಂದ ಒಳಗೋ ಹೊರಗೋ ಎಂದು ನಿರ್ಣಯಿಸುವವನು ಈತ. 2002ರಲ್ಲಿ ಪಾಲ್ ಗ್ರಹಾಮ್ ಎಂಬ ಪ್ರೋಗ್ರಾಮರನು ಬರೆದ ಲೇಖನದಿಂದ ಈ ಕ್ರಮವು ಮನೆಮಾತಾಯಿತಾದರೂ, ಇದರ ಬೀಜವು ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಗಣಿತ. ಅವನು 1761ರಲ್ಲಿ ತೀರಿಕೊಂಡ ಎರಡು ವರ್ಷದ ಮೇಲೆ ಅದು ಅಚ್ಚಾಯಿತು. ಆ ಪಾದ್ರಿಯು ತನ್ನ ಊರಿನಲ್ಲಿ ಉಪದೇಶ ಮಾಡುತ್ತಿದ್ದ ಕಾಲದಲ್ಲಿಯೇ ತುಂಗಭದ್ರೆಯ ದಡದ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರೂ, ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರೂ ಈ ರಾಯಚೂರು ಸೀಮೆಯ ಬಾಗಿಲುಗಳ ಮುಂದೆ ತಂಬೂರಿ ಹಿಡಿದು ನಿಂತಿದ್ದರೆಂಬುದನ್ನು ನೆನೆದರೆ ಕಾಲದ ವಿನೋದವು ಮನಸ್ಸಿಗೆ ಹತ್ತುತ್ತದೆ.

ಈ ನಾಲ್ಕನೆಯ ಕಾವಲುಗಾರನಿಗೆ ಸ್ವಂತ ಬುದ್ಧಿಯಿಲ್ಲ. ಇದು ಕಸವೆಂದು ನಮ್ಮ ಬೆರಳು ಒತ್ತಿದಾಗಲೆಲ್ಲ ಅವನಿಗೊಂದು ಪಾಠವಾಗುತ್ತದೆ. ನಮ್ಮ ಹಿಂದಿನ ಕರ್ಮಗಳು ಸಂಸ್ಕಾರವಾಗಿ ನಿಂತು ಮುಂದಿನ ಪ್ರವೃತ್ತಿಯನ್ನು ಎಳೆಯುತ್ತವೆಂದು ಶಾಸ್ತ್ರವು ಹೇಳುವುದು ಮನಸ್ಸಿನ ವಿಷಯದಲ್ಲಿ. ಯಂತ್ರದ ವಿಷಯದಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ಹಾಗಾದರೆ ಅವನು ತಪ್ಪಿದಾಗ ಆ ದೋಷವು ಯಾರಿಗೆ ಅಂಟಬೇಕು?

ವಿಷ್ಣುವಿನ ಗುಡಿಯ ಬಾಗಿಲಲ್ಲಿ ಗದೆಯೂರಿ ನಿಂತ ಜಯವಿಜಯರನ್ನು ಕಂಡಾಗಲೆಲ್ಲ ಈ ಪ್ರಶ್ನೆಯು ನನ್ನನ್ನು ಕಾಡುತ್ತದೆ. ಸನಕಾದಿಗಳು ವೈಕುಂಠಕ್ಕೆ ಬಂದಾಗ ಅವರ ಬಾಲರೂಪವನ್ನೂ ಬತ್ತಲೆ ಮೈಯನ್ನೂ ನೋಡಿ ಇವರು ತಡೆದರು. ಹೊರಗಿನ ಲಕ್ಷಣದ ಲೆಕ್ಕದಲ್ಲಿ ಆ ನಿರ್ಣಯವು ಅಸಂಗತವಾದುದೇನೂ ಅಲ್ಲ. ಹುಡುಗರು ಬತ್ತಲೆ ಬಂದರೆ ಯಾವ ಕಾವಲುಗಾರನೂ ತಡೆದಾನು. ಶಾಪ ತಟ್ಟಿತು, ಮೂರು ಜನ್ಮಗಳು ಹೋದುವು. ಆದರೆ ಭಾಗವತದ ಮೂರನೆಯ ಸ್ಕಂಧದಲ್ಲಿ ನನ್ನ ಮನಸ್ಸು ನಿಲ್ಲುವುದು ಮುಂದಿನ ಘಟ್ಟದಲ್ಲಿ: ಒಳಗಿದ್ದ ಒಡೆಯನು ತಾನೇ ಕಾಲ್ನಡೆಯಲ್ಲಿ ಬಾಗಿಲಿಗೆ ಬಂದು, ಸೇವಕರು ಮಾಡಿದ ಅಪಚಾರವನ್ನು ತಾನೇ ಮಾಡಿದುದೆಂದು ಒಪ್ಪಿಕೊಂಡನು. ಯಂತ್ರವು ತಪ್ಪಿತು, ನಾನೇನು ಮಾಡಲಿ ಎಂಬ ನಮ್ಮ ನಿತ್ಯದ ಸಮಾಧಾನವು ವೈಕುಂಠದಲ್ಲಿ ನಡೆಯಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಮಾನ್ವಿಯಲ್ಲಿಯೇ ಇದು ನಡೆದಿದೆ. ಬ್ಯಾಗವಾಟದಲ್ಲಿ ಹುಟ್ಟಿ, ಮಂತ್ರಾಲಯದಲ್ಲಿ ಓದಿ, ಸಂಸ್ಕೃತಪಾಂಡಿತ್ಯದಿಂದ ಮಾನ್ಯರಾಗಿ ಮಾನ್ವಿಯಲ್ಲಿದ್ದ ಶ್ರೀನಿವಾಸಾಚಾರ್ಯರಿಗೆ, ಊರಿಗೆ ಬಂದ ವಿಜಯದಾಸರಿಂದ ಭೋಜನಕ್ಕೆ ಕರೆ ಬಂದಿತಂತೆ. ತಂಬೂರಿ, ಗೆಜ್ಜೆ, ಕನ್ನಡದ ಪದ: ಆಚಾರ್ಯರ ಲೆಕ್ಕದಲ್ಲಿ ಇವೆಲ್ಲ ಹಗುರವಾದ ಲಕ್ಷಣಗಳು. ಹೊಟ್ಟೆನೋವೆಂದು ನೆವ ಹೇಳಿ ಅವರು ಕರೆಯನ್ನು ಹೊರಗೆ ನಿಲ್ಲಿಸಿದರು. ಆ ನೆವವೇ ನಿಜವಾಗಿ, ಔಷಧಕ್ಕೂ ಸೇವೆಗೂ ಬಗ್ಗದ ಉದರಶೂಲೆಯಾಗಿ, ಅವರನ್ನು ಮಂತ್ರಾಲಯಕ್ಕೆ, ಅಲ್ಲಿಂದ ವಿಜಯದಾಸರ ಪಾದಕ್ಕೆ, ಅಲ್ಲಿಂದ ಗೋಪಾಲದಾಸರ ಬಳಿಗೆ ನಡೆಸಿತೆಂದೂ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನೇ ಅವರಿಗೆ ಧಾರೆಯೆರೆದರೆಂದೂ ದಾಸಪರಂಪರೆಯವರು ಹೇಳುತ್ತಾರೆ. ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿಯೇ ಬರೆದವರು ಇವರು. ನೆರವಾಗಬೇಕಾದ ಪತ್ರವೊಂದನ್ನು ಕಸಕ್ಕೆ ನೂಕಿದುದರ ಬೆಲೆಯನ್ನು ಇಷ್ಟು ನಿಖರವಾಗಿ ಹೇಳುವ ಕಥೆಯು ಬೇರೆಲ್ಲಿಯೂ ನನಗೆ ಸಿಕ್ಕಿಲ್ಲ. ಕೆಟ್ಟ ಪತ್ರಗಳು ಹತ್ತು ಒಳಗೆ ನುಸುಳಿದರೆ ಹತ್ತು ಕ್ಷಣ ಹಾಳು; ಒಳ್ಳೆಯದು ಒಂದು ಹೊರಗೆ ಉಳಿದರೆ ಅದಕ್ಕೆ ಲೆಕ್ಕವೇ ಇಲ್ಲ.

ಕಣದಲ್ಲಿ ಜೋಳ ತೂರುವಾಗ ನಮ್ಮ ದೊಡ್ಡವ್ವ ಗಂಡಸರಂತೆ ಕಾಳಿನ ರಾಶಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಿರಲಿಲ್ಲ. ಗಾಳಿಯ ಕೆಳಬದಿಗೆ, ಹೊಟ್ಟು ಬೀಳುವ ಕಡೆಗೆ, ಮೊರ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು, ಅದನ್ನು ಮತ್ತೊಮ್ಮೆ ಕೇರುತ್ತಿದ್ದಳು. ಗಾಳಿ ಜೋರಾದರೆ ಎಳೆಯ ಕಾಳು ಹೊಟ್ಟಿನ ಜೊತೆಗೇ ಹಾರಿಹೋಗುತ್ತದೆ ಎಂಬುದು ಆಕೆಗೆ ಗೊತ್ತು, ಗಾಳಿಯನ್ನು ಬೈದವಳಲ್ಲ. ಸಂಜೆಗೆ ಆಕೆಯ ಸೆರಗಿನಲ್ಲಿ ಒಂದು ಸೇರಿನಷ್ಟಾದರೂ ಕಾಳು ಇರುತ್ತಿದ್ದಿತು.

ಅಳಿಯನು ಆ ಕಂಪನಿಗೆ ನಡೆದುದನ್ನು ವಿವರಿಸಿ ಬರೆದಿದ್ದಾನೆ, ಉತ್ತರ ಬಂದಿಲ್ಲ. ಬಂದರೂ ಎಲ್ಲಿ ಬಂದೀತೆಂಬುದು ಈಗ ಅವನಿಗೆ ತಿಳಿದಿರುವುದರಿಂದ, ಬೆಳಗಿನ ಚಹಾ ಕುಡಿಯುತ್ತ ಮೊದಲು ನೋಡುವುದು ಹಿತ್ತಿಲನ್ನೇ. ಜಿಮೇಲಿನ ಆ ಹಿತ್ತಿಲಿನಲ್ಲಿ ಬಿದ್ದ ಪತ್ರವು ಮೂವತ್ತು ದಿನವಾದ ಮೇಲೆ ತಾನಾಗಿಯೇ ಅಳಿಸಿಹೋಗುತ್ತದೆ. ನೋಡುವುದಿದ್ದರೆ ಅದಕ್ಕೆ ಮುಂಚೆ ನೋಡಿರಿ.