ಮಾರುವವನ ಮೌನ

ಹೊಸ ಮೋಟಾರ್ ಸೈಕಲ್ಲು ಕೊಳ್ಳುವುದು ಸುಲಭ. ಹಣವಿದ್ದರೆ ಸಾಕು, ಇಲ್ಲದಿದ್ದರೆ ಸಾಲ ಕೊಡುವವರು ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಕಷ್ಟವಿರುವುದು ಹಳೆಯದನ್ನು ಮಾರುವುದರಲ್ಲಿ. ಕೊಳ್ಳುವಾಗ ಮನುಷ್ಯ ಮೋಸ ಹೋಗಬಹುದು, ಅಷ್ಟೆ. ಮಾರುವಾಗ ಮೋಸ ಮಾಡಿಬಿಡಬಹುದು. ಮೊದಲನೆಯದಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ಎರಡನೆಯದು ಎದುರಿಗೆ ಬಂದು ನಿಂತಾಗ ಅದರ ಗುರುತು ಹಿಡಿಯುವುದಕ್ಕೇ ಒಂದು ರಾತ್ರಿ ಬೇಕಾಯಿತು.

ನಾನು ಮೈಸೂರಿನವನು, ಕೆಲಸ ನಂಜನಗೂಡಿನಲ್ಲಿ. ಹೋಗಿ ಬರುವುದೆಂದರೆ ದಿನಕ್ಕೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರು. ಬಸ್ಸಿದೆ, ರೈಲಿದೆ. ಆದರೂ ಹನ್ನೆರಡು ವರ್ಷ ನಾನು ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಆ ದಾರಿ ಸವೆಸಿದೆ. ಯಾಕೆಂದು ಕೇಳಿದವರಿಗೆ ಸಮಯದ ಲೆಕ್ಕ ಹೇಳುತ್ತಿದ್ದೆ. ನಿಜವಾದ ಕಾರಣ ಬೇರೆ. ಮನೆಯಲ್ಲಿ ನಾನು ಮನೆಯವರ ಸೊತ್ತು, ಕಚೇರಿಯಲ್ಲಿ ಕಚೇರಿಯ ಸೊತ್ತು; ನಡುವಣ ಮುಕ್ಕಾಲು ಗಂಟೆ ಮಾತ್ರ ಯಾರೂ ನನ್ನನ್ನು ಮಾತಾಡಿಸುವಂತಿಲ್ಲ. ಹೆಲ್ಮೆಟ್ಟು ತೊಟ್ಟವನಿಗೆ ಸಿಗುವ ಏಕಾಂತ ಮಠದಲ್ಲಿಯೂ ಸಿಗಲಾರದು. ಚಳಿಗಾಲದ ಬೆಳಗ್ಗೆ ಊರು ದಾಟಿ ಬಯಲಿಗೆ ಬಂದ ಕೂಡಲೇ ಕೈಬೆರಳು ಮರಗಟ್ಟುತ್ತವೆ. ಮಳೆಗಾಲದಲ್ಲಿ ರೇನ್‌ಕೋಟು ಎಷ್ಟೇ ಒಳ್ಳೆಯದಿರಲಿ, ನೀರು ಹೇಗೋ ದಾರಿ ಹುಡುಕಿಕೊಂಡು ಒಳಗೆ ಇಳಿಯುತ್ತದೆ. ಕಬ್ಬಿನ ಕಾಲ ಬಂತೆಂದರೆ ಹಿಂದೀಪವಿಲ್ಲದ ಟ್ರಾಕ್ಟರುಗಳು ಕತ್ತಲೆಯಲ್ಲಿ ಗುಡ್ಡದಂತೆ ಎದ್ದು ನಿಲ್ಲುತ್ತವೆ. ಇಷ್ಟಾದರೂ ಕಪಿಲೆಯ ಸೇತುವೆಯ ಮೇಲೆ ಬೆಳಗಿನ ಬಿಸಿಲು ಬಿದ್ದಾಗ, ಕಾರಿನೊಳಗೆ ಗಾಜು ಏರಿಸಿಕೊಂಡು ಕುಳಿತವರ ಮೇಲೆ ನನಗೆ ಕನಿಕರ ಹುಟ್ಟುತ್ತಿತ್ತು. ಅವರಿಗೂ ನನ್ನ ಮೇಲೆ ಹುಟ್ಟುತ್ತಿದ್ದಿರಬೇಕು.

ಒಂದು ಮಳೆಗಾಲದಲ್ಲಿ ಟ್ರಾಕ್ಟರು ಚೆಲ್ಲಿದ ಕೆಸರಿನ ಮೇಲೆ ಬ್ರೇಕು ಹಿಡಿದು ಬಿದ್ದೆ. ನನಗೆ ಮೊಣಕೈ ತರಚಿತು. ಗಾಡಿಯ ಮುಂದಿನ ಫೋರ್ಕು ಬಾಗಿತು. ಮೆಕ್ಯಾನಿಕ್ಕು ಅದನ್ನು ಬಿಚ್ಚಿ, ಬಡಿದು ನೆಟ್ಟಗೆ ಮಾಡಿಕೊಟ್ಟ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಮಾತ್ರ ಅದು ಎಡಕ್ಕೆ ಎಳೆಯುತ್ತಿತ್ತು. ಆ ವೇಗದಲ್ಲಿ ಜೋರಾಗಿ ಬ್ರೇಕು ಹಿಡಿದರೆ ಹ್ಯಾಂಡಲ್ಲು ನಡುಗುತ್ತಿತ್ತು. “ಪೈಪೇ ಬದಲಾಯಿಸಬೇಕು ಸಾರ್” ಎಂದಿದ್ದ ಅವನು. “ಮುಂದಿನ ತಿಂಗಳು ನೋಡೋಣ” ಎಂದಿದ್ದೆ ನಾನು. ಎಷ್ಟು ಮುಂದಿನ ತಿಂಗಳುಗಳು ಹೋದವೋ! ಕ್ರಮೇಣ ಆ ಎಳೆತವೇ ನನಗೆ ಮರೆತುಹೋಯಿತು.

ಹೊಸ ಗಾಡಿಯ ವಿಚಾರ ಎತ್ತಿದವಳು ನನ್ನ ಹೆಂಡತಿ. ೨೦೧೯ರ ಏಪ್ರಿಲ್‌ನಿಂದ ೧೨೫ ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಎಂಬ ಏರ್ಪಾಟು ಕಡ್ಡಾಯವಾಗಿದೆ. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಅದುಮಿದರೂ ಚಕ್ರ ಹಿಡಿದುಕೊಂಡು ಜಾರದಂತೆ ಅದು ಕ್ಷಣಕ್ಕೆ ಹಲವು ಸಲ ಬಿಟ್ಟು ಹಿಡಿಯುತ್ತದೆ. “ಅದು ಆವತ್ತು ಇದ್ದಿದ್ದರೆ ನೀವು ಬೀಳುತ್ತಿರಲಿಲ್ಲ” ಎಂಬುದು ಅವಳ ವಾದ. ಒಪ್ಪಿದೆ. ಅಂಗಡಿಗೆ ಹೋಗಿ ಬಣ್ಣ ಆರಿಸಿ ಮುಂಗಡ ಕೊಟ್ಟೂ ಬಂದೆ. ಹಳೆಯದನ್ನು ವಿನಿಮಯಕ್ಕೆ ತೆಗೆದುಕೊಳ್ಳುವುದಾದರೆ ಹದಿನೆಂಟು ಸಾವಿರ ಎಂದರು. ಹೊರಗೆ ಮಾರಿದರೆ ಮೂವತ್ತು ಬರುತ್ತದೆ ಎಂದು ಮೆಕ್ಯಾನಿಕ್ಕು ಹೇಳಿದ. ಜೊತೆಗೇ ತಗ್ಗಿದ ದನಿಯಲ್ಲಿ, “ಫೋರ್ಕಿನ ವಿಷಯ ನೀವಾಗಿ ಎತ್ತಬೇಡಿ ಸಾರ್. ಹೇಳಿದರೆ ಯಾರೂ ತಗೊಳ್ಳಲ್ಲ. ನೀವು ಒಗ್ಗಿಕೊಂಡಿಲ್ಲವೆ? ಅವರೂ ಒಗ್ಗಿಕೊಳ್ತಾರೆ” ಎಂದ.

ಈ ಮಾತಿನಲ್ಲಿ ಅನುಭವವಿತ್ತು, ನನಗೂ ಇತ್ತು. ನಮ್ಮ ತಂದೆಯವರ ಬಳಿ ಒಂದು ಜಾವಾ ಇತ್ತು. ನಮ್ಮ ಮೈಸೂರಿನಲ್ಲೇ ೧೯೬೧ರಿಂದ ತಯಾರಾಗುತ್ತಿದ್ದ ಗಾಡಿ ಅದು. ೧೯೭೩ರಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. ೧೯೯೬ರಲ್ಲಿ ಕಾರ್ಖಾನೆಯೇ ಮುಚ್ಚಿತು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರು ಆಗುತ್ತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಬಂದದ್ದು ಬೀದಿಯ ಕೊನೆಯಲ್ಲಿರುವವರಿಗೂ ಕೇಳುತ್ತಿತ್ತು. ಅದನ್ನು ಮಾರಲು ನಿಂತಾಗ ತಂದೆಯವರು ಕೊಳ್ಳಬಂದವನನ್ನು ಕೂರಿಸಿ, ಕಾಫಿ ಕೊಟ್ಟು, ಗಾಡಿಯ ದೋಷಗಳನ್ನೆಲ್ಲ ಒಂದೊಂದಾಗಿ ವಿವರಿಸಿದರು. ಆತ ಗೌರವದಿಂದ ಕೇಳಿ, ಎದ್ದು, ಹೊರಟುಹೋದ. “ಇಷ್ಟು ಹೇಳಿದವರು ಇನ್ನೆಷ್ಟು ಮುಚ್ಚಿಟ್ಟಿದ್ದಾರೋ” ಎಂದು ಬೀದಿಯ ಅಂಗಡಿಯಲ್ಲಿ ಹೇಳಿದನಂತೆ. ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಹಳೆಯ ಕಾರುಗಳ ಸಂತೆಯನ್ನು ಕುರಿತು ಒಂದು ಲೇಖನ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಯನ್ನೂ ಅನುಮಾನಿಸಿ ಕಡಮೆ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಕೊಡದೆ ಹಿಂದೆ ಸರಿಯುತ್ತಾರೆ. ಸಂತೆಯಲ್ಲಿ ಉಳಿಯುವುದು ಕೆಟ್ಟ ಮಾಲು. ಆ ಕೆಟ್ಟ ಕಾರುಗಳನ್ನು ಅವರ ದೇಶದ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎನ್ನುತ್ತಾರೆ. ಈ ವಿಷಯದ ಮೇಲಿನ ವಿಚಾರಕ್ಕಾಗಿ ೨೦೦೧ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂತು. ತಂದೆಯವರಿಗೆ ಬಂದದ್ದು ತಾಯಿಯ ಬೈಗುಳ.

ನನಗೊಬ್ಬರು ವಕೀಲ ಮಿತ್ರರಿದ್ದಾರೆ. ಸುಮ್ಮನೆ ಮಾತಿಗೆ ಮಾತು ಬಂದಾಗ ಅವರನ್ನು ಕೇಳಿದೆ. ಅವರು ೧೮೭೨ರ ಕರಾರು ಕಾಯಿದೆಯ ೧೭ನೆಯ ಸೆಕ್ಷನ್ನನ್ನು ತೆಗೆದು ತೋರಿಸಿದರು. ಸುಮ್ಮನಿರುವುದು ತಾನೇ ವಂಚನೆಯಲ್ಲ ಎಂದು ಅಲ್ಲಿದೆ, ಜೊತೆಗೆ ಉದಾಹರಣೆಗಳು. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ರೋಗವಿರುವುದು ಅವನಿಗೆ ಗೊತ್ತು, ಹೇಳುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಆಗ ತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಇನ್ನು ಕೊಳ್ಳುವವನು, “ನೀವು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ” ಎಂದಾಗ ಮಾಲೀಕ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ನಾನು ಮೊದಲನೆಯ ಉದಾಹರಣೆಯನ್ನು ಮಾತ್ರ ಮನೆಗೆ ಕಟ್ಟಿಕೊಂಡು ಬಂದೆ.

ಇದೇ ವಾದ ರೋಮಿನಲ್ಲಿಯೂ ನಡೆದಿತ್ತು. ಸಿಸಿರೋ ತನ್ನ ಕರ್ತವ್ಯ ಗ್ರಂಥದ ಮೂರನೆಯ ಭಾಗದಲ್ಲಿ ಇಬ್ಬರು ಗ್ರೀಕ್ ತತ್ತ್ವಜ್ಞರನ್ನು ಎದುರುಬದುರು ನಿಲ್ಲಿಸುತ್ತಾನೆ. ಗುರು ಡಯೋಜಿನಿಸ್, ಶಿಷ್ಯ ಆಂಟಿಪೇಟರ್. ಮನೆ ಮಾರುವವನು ಅದರ ದೋಷವನ್ನು ಹೇಳಬೇಕೆ? ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ಗುರು. ಇನ್ನೊಬ್ಬನನ್ನು ತಿಳಿದೂ ತಿಳಿದೂ ತಪ್ಪುದಾರಿಗೆ ಬಿಡುವುದು, ದಾರಿ ತಪ್ಪಿದವನಿಗೆ ದಾರಿ ತೋರದೆ ಹೋಗುವುದಕ್ಕಿಂತ ಕೆಟ್ಟದ್ದು ಎಂದು ಶಿಷ್ಯ. ಸಿಸಿರೋ ಶಿಷ್ಯನ ಕಡೆ. ನಾನು ಗುರುಭಕ್ತ, ಗುರುವಿನ ಕಡೆ ಇದ್ದೆ.

ಭಾನುವಾರ ಒಬ್ಬ ಹುಡುಗ ಬಂದ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ ಸೇರಿದ್ದಾನೆ. ಬಾಡಿಗೆ ಗಾಡಿಯಲ್ಲಿ ಏನೂ ಗಿಟ್ಟುವುದಿಲ್ಲವೆಂದು ಸ್ವಂತದ್ದು ಹುಡುಕುತ್ತಿದ್ದಾನೆ. ಟಯರು ಅದುಮಿ ನೋಡಿದ, ಇಂಜಿನ್ನಿಗೆ ಕಿವಿಗೊಟ್ಟ, ಲೀಟರಿಗೆ ಎಷ್ಟು ಕೊಡುತ್ತದೆಂದು ಕೇಳಿದ. ನಾನು ಬೀಗದ ಕೈ ಕೊಟ್ಟು, “ಒಂದು ಸುತ್ತು ಹೋಗಿ ಬಾಪ್ಪ. ರಿಂಗ್ ರೋಡಿನ ಕಡೆ ಬೇಡ, ಟ್ರಾಫಿಕ್ಕು ಜಾಸ್ತಿ. ಇಲ್ಲೇ ಬೀದಿಯಲ್ಲಿ ನೋಡು” ಎಂದೆ. ನೋಡಿ ಬಂದ. “ಚೆನ್ನಾಗಿದೆ ಸಾರ್. ನಿಮ್ಮಂಥೋರು ಇಟ್ಕೊಂಡಿರೋ ಗಾಡಿ ಅಂದ್ಮೇಲೆ ಇನ್ನೇನ್ ನೋಡೋದು? ಏನಾದ್ರೂ ಇದ್ರೆ ನೀವೇ ಹೇಳ್ತಿದ್ರಿ” ಎಂದ. ನಾನು ನಕ್ಕೆ. ಜೇಬಿನಿಂದ ಎರಡು ಸಾವಿರ ತೆಗೆದು ಮುಂಗಡವೆಂದು ಕೊಟ್ಟು, ರಸೀತಿ ಕೇಳದೆ ಹೋದ.

ಆ ರಾತ್ರಿ ಫ್ಯಾನು ತಿರುಗುವುದನ್ನು ನೋಡುತ್ತ ಮಲಗಿದ್ದಾಗ ಕಾಯಿದೆಯ ಮೂರನೆಯ ಉದಾಹರಣೆ ನೆನಪಿಗೆ ಬಂತು. ಹುಡುಗ ಅದನ್ನು ಓದಿರಲಿಲ್ಲ; ಆದರೆ ಅದರ ಮಾತನ್ನೇ ಆಡಿಹೋಗಿದ್ದ. ಸರಿ, ಕಾನೂನು ಹೋಯಿತು. ಡಯೋಜಿನಿಸ್ ಇದ್ದಾನಲ್ಲ ಎಂದುಕೊಂಡೆ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಆಗ ರಿಂಗ್ ರೋಡು ಕಣ್ಣ ಮುಂದೆ ಬಂತು. ಅಲ್ಲಿ ಟ್ರಾಫಿಕ್ಕು ಜಾಸ್ತಿ ಎಂಬುದು ನಿಜ. ಆ ನಿಜವನ್ನು ನಾನು ಹೇಳಿದ್ದು, ಗಾಡಿ ಐವತ್ತು ದಾಟಬಾರದೆಂದು. ನಮ್ಮ ಬೀದಿಯಲ್ಲಿ ಮೂವತ್ತಕ್ಕಿಂತ ಜೋರಾಗಿ ಯಾರೂ ಹೋಗಲಾರರು. ಆಡುವಾಗ ಇದನ್ನು ಯೋಚಿಸಿ ಆಡಿದೆನೇ ಎಂದು ಆಣೆ ಹಾಕಿ ಕೇಳಿದರೆ, ಇಲ್ಲ. ನಾಲಗೆ ತಾನಾಗಿ ಹೇಳಿತು. ಅದರಿಂದ ಸಮಾಧಾನವಾಗುವ ಬದಲು ದಿಗಿಲೇ ಆಯಿತು. ನನ್ನೊಳಗೆ ನನ್ನ ಅಪ್ಪಣೆಗೂ ಕಾಯದೆ ನನಗಾಗಿ ವ್ಯಾಪಾರ ಮಾಡುವವನೊಬ್ಬನಿದ್ದಾನೆ ಎಂದಾಯಿತಲ್ಲ!

ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಗಟ್ಟಿಯಾಗಿ ಹೇಳಿ, ಆನೆಯ ಮಾತನ್ನು ಯಾರಿಗೂ ಕೇಳದಂತೆ ನುಂಗಿದಾಗ, ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತಂತೆ. ನಮ್ಮಂಥವರ ಗಾಡಿಗಳು ಮೊದಲಿನಿಂದಲೂ ನೆಲದ ಮೇಲೇ ಓಡುವಂಥವು, ಇಳಿಯುವುದಕ್ಕೆ ಜಾಗವಿಲ್ಲ. ಆದರೆ ಅವನು ಮೆಲ್ಲನೆಯಾದರೂ ಆನೆ ಎಂದಿದ್ದ. ನಾನು ಫೋರ್ಕು ಎನ್ನಲಿಲ್ಲ. ಮತ್ತೆ ಆ ಹುಡುಗ ಓಡಿಸುವುದು ರಾತ್ರಿ ಹತ್ತರ ಮೇಲೆ, ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು, ಹೊತ್ತಿಗೆ ಮುಟ್ಟಿಸಬೇಕೆಂಬ ಅವಸರದಲ್ಲಿ. ಒಗ್ಗಿಕೊಳ್ಳುತ್ತಾನೆ, ನಿಜ. ಒಗ್ಗಿಕೊಳ್ಳುವುದಕ್ಕೆ ಮುಂಚೆ ಒಂದು ಮಳೆ ಬರುತ್ತದೆ.

ಬೆಳಗ್ಗೆ ಫೋನು ಮಾಡಿ ಕರೆಸಿ ಎಲ್ಲವನ್ನೂ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಕೋಪ ಮಾಡಲಿಲ್ಲ. “ನಿನ್ನೆ ಯಾಕೆ ಹೇಳಲಿಲ್ಲ ಸಾರ್?” ಎಂದ. ಇದಕ್ಕೆ ನಾನು ಉತ್ತರ ಸಿದ್ಧ ಮಾಡಿಕೊಂಡಿರಲಿಲ್ಲ. ಪೈಪು ಬದಲಾಯಿಸಿಯೇ ಕೊಡುತ್ತೇನೆ, ಬೆಲೆಯೂ ಇಳಿಸುತ್ತೇನೆ ಎಂದೆ. ಮಾವನನ್ನು ಕೇಳಿ ಹೇಳುತ್ತೇನೆ ಎಂದವನು ಮುಂಗಡವನ್ನು ವಾಪಸು ಕೇಳಿದ. ಕೊಟ್ಟೆ. ಅವನು ನನ್ನೆದುರಿಗೇ ಆ ನೋಟುಗಳನ್ನು ಎಣಿಸಿಕೊಂಡ. ಐನೂರರ ನಾಲ್ಕೇ ನೋಟು, ಎರಡು ಸಲ. ಎರಡು ದಿನದ ಮೇಲೆ ಬೇರೆ ಕಡೆ ಗಾಡಿ ಸಿಕ್ಕಿತೆಂದು ಹೇಳಿ ಕಳುಹಿಸಿದ. ಅದರ ಫೋರ್ಕು ಹೇಗಿದೆಯೋ.

ಉಳಿದದ್ದು ಅಂಗಡಿಯ ವಿನಿಮಯ. ಈ ಸಲ ಪಾಠ ಕಲಿತವನಂತೆ ಹೋದ ಕೂಡಲೇ ದೋಷ ಹೇಳಿದೆ. ಕೌಂಟರಿನಲ್ಲಿದ್ದ ತರುಣ ಮುಗುಳ್ನಕ್ಕು, “ಅದೆಲ್ಲ ಬೇಡ ಸಾರ್, ಹದಿನೆಂಟೇ” ಎಂದು ಮಾಲೀಕತ್ವ ಬದಲಾವಣೆಯ ೨೯ ಮತ್ತು ೩೦ನೆಯ ನಮೂನೆಗಳನ್ನು ಮುಂದಿಟ್ಟ. ಚಾಸಿಸ್ ನಂಬರಿಗೆ ಜಾಗವಿದೆ, ಇಂಜಿನ್ ನಂಬರಿಗೆ ಜಾಗವಿದೆ. ಎಡಕ್ಕೆ ಎಳೆಯುತ್ತದೆ ಎಂದು ಬರೆಯುವುದಕ್ಕೆ ಎಲ್ಲಿಯೂ ಜಾಗವಿಲ್ಲ. ನಾನು ಹೇಳಿಯಾಯಿತು, ಅವನು ಕೇಳಿಯಾಯಿತು, ಇಲ್ಲಿಂದ ಮುಂದೆ ಕೊಳ್ಳುವವನಿಗೆ ಇದು ತಲುಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುಖ ಕಾಣದ ಆ ಕೊಳ್ಳುವವನು, ಮುಖ ಕಂಡ ಹುಡುಗನಿಗಿಂತ ಯಾವ ಲೆಕ್ಕದಲ್ಲಿ ಕಡಮೆ? ಸಹಿ ಮಾಡದೆ ಗಾಡಿಯನ್ನು ಓಡಿಸಿಕೊಂಡು ವಾಪಸು ಬಂದೆ.

ಎರಡು ಪೈಪು, ಕೋನ್ ಸೆಟ್ಟು, ಆಯಿಲು, ಕೂಲಿ ಎಲ್ಲ ಸೇರಿ ಏಳು ಸಾವಿರ ಆಯಿತು. ಮಾರುವ ಗಾಡಿಗೆ ಇಷ್ಟು ಹಾಕುವವರನ್ನು ತಾನು ನೋಡಿಲ್ಲವೆಂದ ಮೆಕ್ಯಾನಿಕ್ಕು. ರಿಪೇರಿಯಾದ ಮೇಲೆ ಅಂಗಡಿಯವರು ಕೊಟ್ಟ ಬೆಲೆ ಅದೇ ಹದಿನೆಂಟು. ಏಳು ಸಾವಿರ ಎಲ್ಲಿ ಹೋಯಿತೆಂದು ಹೆಂಡತಿ ಕೇಳಿದಳು. ಕೇಳಿದವಳೇ, “ಹೋಗಲಿ ಬಿಡಿ” ಎಂದು ಒಳಗೆ ಹೋದಳು.

ಕೊಡುವುದಕ್ಕೆ ಮುಂಚೆ ನೋಡೋಣವೆಂದು ಅದರ ಮೇಲೆ ಒಂದು ದಿನ ನಂಜನಗೂಡಿಗೆ ಹೋದೆ. ಐವತ್ತು ದಾಟಿತು. ಗಾಡಿ ಬಲಕ್ಕೆ ಎಳೆಯಿತು! ಕೆಲಸ ಕೆಟ್ಟಿದೆಯೆಂದು ಮರಳಿ ಮೆಕ್ಯಾನಿಕ್ಕಿನ ಬಳಿ ಹೋದರೆ, ಅವನು ಹತ್ತಿ ರಿಂಗ್ ರೋಡಿನ ಮೇಲೆ ದೂರ ಓಡಿಸಿ ಬಂದು, “ಗಾಡಿ ದಾರದ ಹಾಗೆ ನೆಟ್ಟಗಿದೆ ಸಾರ್. ನೀವು ವಾಲಿಕೊಂಡು ಕೂತ್ಕೊಳ್ತಿದ್ದೀರ” ಎಂದ. ಎಡಕ್ಕೆ ಎಳೆಯುವುದನ್ನು ಸರಿದೂಗಿಸುತ್ತ ಸರಿದೂಗಿಸುತ್ತ ಇಷ್ಟು ವರ್ಷ ನನ್ನ ಮೈ ಬಲಕ್ಕೆ ಬಾಗಿಕೊಂಡಿತ್ತು. ಅದು ನನಗೆ ನೆಟ್ಟಗಿದ್ದಂತೆಯೇ ಅನ್ನಿಸುತ್ತಿತ್ತು.

ಹೊಸ ಗಾಡಿ ಶುಕ್ರವಾರ ಬಂತು. ದೇವಸ್ಥಾನದ ಮುಂದೆ ಪೂಜೆಯಾಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಅಕರ್ಲಾಫರನ್ನು ನೆನೆದು ನಾನೊಬ್ಬನೇ ನಕ್ಕೆ. ಹೆಂಡತಿ ಹಿಂದೆ ಕುಳಿತಳು. ಹಣ್ಣು ಚಿಟ್ಟೆಂದು ಒಡೆದು ಗಾಡಿ ಮುಂದೆ ಸರಿಯಿತು. ಊರು ದಾಟಿ ಸ್ವಲ್ಪ ಜೋರು ಮಾಡಿದಾಗ ಅವಳು ಹೆಗಲ ಮೇಲೆ ಕೈಯಿಟ್ಟು, “ಯಾಕೆ ಹೀಗೆ ಬಲಗಡೆಗೆ ವಾಲುತ್ತೀರಿ?” ಎಂದಳು.